ಮಂಜು ಬಿಡುವ ಮೊದಲು ಗಾಳಿಯ ಲೆಕ್ಕ: ಜನರೇಟರ್ ರೂಮಿಗೆ ವಾಟರ್ ಮಿಸ್ಟ್ ಹಾಕಿಸುವವರಿಗೆ

ತುಮಕೂರಿನ ಹೊರವಲಯದ ಒಂದು ಕಾರ್ಖಾನೆಯಲ್ಲಿ ಜನರೇಟರ್ ರೂಮಿಗೆ ಹೊಸದಾಗಿ ವಾಟರ್ ಮಿಸ್ಟ್, ಅಂದರೆ ನೀರನ್ನು ಮಂಜಿನಂತೆ ಸಿಂಪಡಿಸಿ ಬೆಂಕಿ ಆರಿಸುವ ವ್ಯವಸ್ಥೆ, ಹಾಕಿಸಿದ್ದರು. ಪರೀಕ್ಷೆಯ ದಿನ ಆರೇಳು ಜನ ಬಾಗಿಲ ಹೊರಗೆ ನಿಂತೆವು. ಪಂಪು ಗುಂಯ್ ಎಂದಿತು, ನಾಜಲ್‌ಗಳಿಂದ ಬೆಳ್ಳಗೆ ಮಂಜು ಇಳಿಯಿತು, ಎಲ್ಲರೂ ಮೊಬೈಲ್ ತೆಗೆದರು. ಎರಡು ನಿಮಿಷ ಬಿಟ್ಟು ನಿಲ್ಲಿಸಿ ಒಳಗೆ ಹೋದರೆ, ಇಂಜಿನ್ನಿನ ಕೆಳಗೆ ನಾನೇ ಇಟ್ಟಿದ್ದ ಸ್ಟೀಲ್ ತಟ್ಟೆ ಬಹುಪಾಲು ಒಣಗೇ ಇತ್ತು. ಗೋಡೆಯಾಚೆ ಎಕ್ಸಾಸ್ಟ್ ಫ್ಯಾನಿನ ಎದುರಿಗೆ ನಿಲ್ಲಿಸಿದ್ದ ಸೆಕ್ಯುರಿಟಿಯವರ ಬೈಕು ಮಾತ್ರ ತೊಯ್ದು ತೊಪ್ಪೆಯಾಗಿತ್ತು. "ಬೆಂಕಿ ಬಿದ್ರೆ ಗಾಡಿ ಇಲ್ಲೇ ನಿಲ್ಲಿಸ್ತೀನಿ ಬಿಡಿ ಸಾರ್, ಅದಕ್ಕೇನೂ ಆಗಲ್ಲ" ಎಂದು ಅವರು ನಕ್ಕರು.

ಫ್ಯಾನು ನಿಲ್ಲಿಸುವುದು ಯಾರ ಕೆಲಸ ಎಂದು ಎಲ್ಲೂ ಬರೆದಿರಲಿಲ್ಲ. ಮಿಸ್ಟ್ ಹಾಕಿದವರು "ಅದು ಎಲೆಕ್ಟ್ರಿಕಲ್‌ನವರದು" ಎಂದರು. ಎಲೆಕ್ಟ್ರಿಕಲ್‌ನವರು "ಅದು ಫೈರ್‌ನವರದು" ಎಂದರು. ಇಬ್ಬರ ನಡುವೆ ಬಿದ್ದುಹೋದ ಆ ಕೆಲಸದ ಬಗ್ಗೆಯೇ ಈ ಲೇಖನ. ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿ, ಅತ್ತ ನರಸಾಪುರ, ಮಾಲೂರು, ಗೌರಿಬಿದನೂರು ಕಡೆಯ ಸಣ್ಣ-ಮಧ್ಯಮ ಕಾರ್ಖಾನೆಗಳ ಮಾಲೀಕರನ್ನೂ ಮೇಂಟೆನೆನ್ಸ್‌ನವರನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ನಾಜಲ್ ಎಷ್ಟು, ಪೈಪು ಎಷ್ಟು ದಪ್ಪ ಎಂಬ ವಿನ್ಯಾಸ ತಯಾರಕರ ಇಂಜಿನಿಯರ್‌ಗಳ ಕೆಲಸ. ಆದರೆ ನಿಮ್ಮ ರೂಮಿನಲ್ಲಿ ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು.

ಮಂಜಿಗೂ ಗಾಳಿಗೂ ಏನು ಸಂಬಂಧ

ಹೆಜ್ಜೆಗಳಿಗೆ ಹೋಗುವ ಮುನ್ನ ಇದನ್ನು ತಿಳಿದುಕೊಳ್ಳಲೇಬೇಕು. ಇಲ್ಲವಾದರೆ ಮುಂದಿನದೆಲ್ಲ ಬರೀ ಬಾಯಿಪಾಠ.

ಅಮೆರಿಕದ ಎನ್‌ಎಫ್‌ಪಿಎ 750 ಎಂಬ ಮಾನಕ 1996ರಲ್ಲಿ ಮೊದಲು ಬಂತು. ಅದರ ಪ್ರಕಾರ ಮಿಸ್ಟ್ ಎನಿಸಿಕೊಳ್ಳಲು ಸಿಂಪಡಿಸಿದ ನೀರಿನಲ್ಲಿ ನೂರಕ್ಕೆ 99 ಪಾಲು 1000 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ಗಿಂತ ಸಣ್ಣ ಹನಿಗಳಲ್ಲಿರಬೇಕು. ನಮ್ಮಲ್ಲಿ ಇದಕ್ಕೆ ಐಎಸ್ 15519 ಎಂಬ 2004ರ ಸಂಹಿತೆ ಇದೆ. ಒಂದು ಲೀಟರ್ ನೀರನ್ನು 100 ಮೈಕ್ರಾನ್ ಹನಿಗಳಾಗಿ ಒಡೆದರೆ ಸುಮಾರು 190 ಕೋಟಿ ಹನಿಗಳಾಗುತ್ತವೆ. ಅವುಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ 60 ಚದರ ಮೀಟರ್, ಅಂದರೆ ಒಂದು 20×30 ಸೈಟಿಗಿಂತ ಕೊಂಚ ಹೆಚ್ಚು. ಅದೇ ಲೀಟರ್ ನೀರು ಒಂದು ಮಿಲಿಮೀಟರ್ ಹನಿಗಳಾಗಿ ಬಿದ್ದರೆ ಮೈ ಬರೀ 6 ಚದರ ಮೀಟರ್. ಮೈ ಹೆಚ್ಚಿದಷ್ಟೂ ಹನಿ ಬೇಗ ಬಿಸಿ ಹೀರುತ್ತದೆ, ಬೇಗ ಆವಿಯಾಗುತ್ತದೆ. 25 ಡಿಗ್ರಿಯ ಒಂದು ಲೀಟರ್ ನೀರು ಪೂರ್ತಿ ಆವಿಯಾಗುವಾಗ ಸುಮಾರು 2.6 ಮೆಗಾಜೂಲ್ ಶಾಖ ನುಂಗುತ್ತದೆ, ಮತ್ತು ಸುಮಾರು 1700 ಪಟ್ಟು ಹಿಗ್ಗಿ, ಬೆಂಕಿಯ ಸುತ್ತಲಿನ ಆಮ್ಲಜನಕವನ್ನು ಪಕ್ಕಕ್ಕೆ ತಳ್ಳುತ್ತದೆ. ಜೊತೆಗೆ ಉರಿಯ ಝಳ ಪಕ್ಕದ ಟ್ಯಾಂಕಿಗೋ ಕೇಬಲ್ಲಿಗೋ ತಾಗದಂತೆ ಪರದೆಯಾಗಿ ನಿಲ್ಲುತ್ತದೆ.

ಈಗ ದೋಸೆ ಹೆಂಚನ್ನು ನೆನಪಿಸಿಕೊಳ್ಳಿ. ಕಾದ ಹೆಂಚಿಗೆ ನೀರು ಚಿಮುಕಿಸಿದರೆ ಚುಂಯ್ ಎಂದು ಕ್ಷಣದಲ್ಲಿ ಆವಿ. ತಣ್ಣಗಿನ ಹೆಂಚಿಗೆ ಚಿಮುಕಿಸಿದರೆ ನೀರು ಸುಮ್ಮನೆ ನಿಂತಿರುತ್ತದೆ. ಮುಚ್ಚಿದ ರೂಮೂ ಹಾಗೆಯೇ. 25 ಡಿಗ್ರಿಯ ಗಾಳಿ ತನ್ನೊಳಗೆ ನೂರಕ್ಕೆ ಮೂರು ಪಾಲಿನಷ್ಟು ನೀರಾವಿಯನ್ನು ಮಾತ್ರ ಹಿಡಿದುಕೊಳ್ಳಬಲ್ಲದು. 70 ಡಿಗ್ರಿಗೆ ಕಾದ ಗಾಳಿ ಮೂವತ್ತು ಪಾಲಿಗೂ ಮಿಕ್ಕಿ ಹಿಡಿಯುತ್ತದೆ. ಆವಿಯೊಂದರಿಂದಲೇ ಆಮ್ಲಜನಕವನ್ನು ನೂರಕ್ಕೆ 21 ಪಾಲಿನಿಂದ, ಉರಿ ಸೊರಗುವ 15 ಪಾಲಿಗೆ ಇಳಿಸಲು ಬೇಕಾದ ಆವಿಯ ಪಾಲು 29ರ ಹತ್ತಿರ. ಬೆಂಕಿಯೂ ತನ್ನ ಪಾಲಿನ ಆಮ್ಲಜನಕವನ್ನು ತಿನ್ನುತ್ತಿರುತ್ತದೆಯಾದ್ದರಿಂದ ನಿಜದಲ್ಲಿ ಅಷ್ಟು ಆವಿ ಬೇಕಾಗುವುದಿಲ್ಲ. ಆದರೆ ರೂಮು ಕಾದಿರಬೇಕು ಎಂಬುದು ತಪ್ಪುವುದಿಲ್ಲ.

ಹೀಗಾಗಿ ಹೊಸಬರು ನಂಬಲು ಹಿಂದೆಮುಂದೆ ನೋಡುವ ಒಂದು ಸಂಗತಿ ಇದೆ. ಮುಚ್ಚಿದ ರೂಮಿನಲ್ಲಿ ದೊಡ್ಡ ಬೆಂಕಿಯನ್ನು ಮಂಜು ಬೇಗ ಆರಿಸುತ್ತದೆ, ಸಣ್ಣ ಬೆಂಕಿಯನ್ನು ಆರಿಸಲು ಒದ್ದಾಡುತ್ತದೆ. ಅದರಲ್ಲೂ ಇಂಜಿನ್ನಿನ ಅಡಿಯಲ್ಲೋ ಪ್ಯಾನೆಲ್ ಹಿಂದೆಯೋ ಮರೆಯಲ್ಲಿ ಉರಿಯುವ ಸಣ್ಣ ಬೆಂಕಿಗೆ ಹನಿ ನೇರವಾಗಿ ತಾಗುವುದೂ ಇಲ್ಲ, ಆವಿ ಹುಟ್ಟುವಷ್ಟು ಬಿಸಿಯೂ ಇರುವುದಿಲ್ಲ.

ಗಾಳಿಯ ಓಡಾಟ ಇಲ್ಲಿ ಮೂರು ಕಡೆಯಿಂದ ಕೈಕೊಡುತ್ತದೆ. ಫ್ಯಾನು ಬಿಸಿಯನ್ನೂ ಆವಿಯನ್ನೂ ಹೊರಗೆ ಎಳೆಯುತ್ತದೆ. ಬಾಗಿಲು, ಲೂವರ್‌ಗಳಿಂದ (ಓರೆ ಪಟ್ಟಿಗಳ ಗಾಳಿಕಿಂಡಿ) ಹೊಸ ಗಾಳಿ ಒಳಬಂದು ಬೆಂಕಿಗೆ ಉಸಿರು ಕೊಡುತ್ತದೆ. ಮೂರನೆಯದಾಗಿ ಹನಿಗಳೇ ದಾರಿ ತಪ್ಪುತ್ತವೆ. ನಿಂತ ಗಾಳಿಯಲ್ಲಿ ಒಂದು ಮಿಲಿಮೀಟರ್ ಹನಿ ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್ ವೇಗದಲ್ಲಿ ಬೀಳುತ್ತದೆ. 100 ಮೈಕ್ರಾನ್ ಹನಿ ಬೀಳುವುದು ಸೆಕೆಂಡಿಗೆ ಕಾಲು ಮೀಟರ್. ನಾಜಲ್ ಕೊಟ್ಟ ರಭಸ ಇಳಿದ ಮೇಲೆ, ಸೆಕೆಂಡಿಗೆ ಒಂದು ಮೀಟರ್ ಅಡ್ಡಗಾಳಿ ಬೀಸಿದರೂ ಅದು ಕೆಳಗೆ ಇಳಿಯುವುದಕ್ಕಿಂತ ನಾಲ್ಕು ಪಟ್ಟು ಪಕ್ಕಕ್ಕೆ ಹೋಗುತ್ತದೆ. ಆ ಬೈಕು ತೊಯ್ದದ್ದು ಹೀಗೆ.

ಮೊದಲ ಹೆಜ್ಜೆ: ತೂತುಗಳ ಪಟ್ಟಿ

ಒಂದು ಹಾಳೆಯಲ್ಲಿ ರೂಮಿನ ನಾಲ್ಕು ಗೋಡೆ, ಸೂರು, ನೆಲ ಬರೆದುಕೊಂಡು ಪ್ರತಿಯೊಂದು ತೂತನ್ನೂ ಟೇಪು ಹಿಡಿದು ಅಳೆಯಿರಿ. ಬಾಗಿಲು, ಲೂವರ್, ಎಕ್ಸಾಸ್ಟ್ ಫ್ಯಾನಿನ ಕಿಂಡಿ ಎಲ್ಲರಿಗೂ ಕಾಣುತ್ತವೆ. ಕಾಣದವು ಬೇರೆ ಇವೆ: ಕೇಬಲ್ ಟ್ರೆಂಚು, ಸೈಲೆನ್ಸರ್ ಪೈಪು ಗೋಡೆ ದಾಟುವಲ್ಲಿ ಬಿಟ್ಟ ಸಂದು, ಶೀಟಿಗೂ ಗೋಡೆಗೂ ನಡುವಿನ ಜಾಗ, ಸೂರಿನ ಮೇಲೆ ತಿರುಗುವ ಟರ್ಬೊ ವೆಂಟಿಲೇಟರ್, ಎ.ಸಿ. ತೆಗೆದ ಮೇಲೆ ಉಳಿದ ಕಂಡಿ, ಬಾಗಿಲ ಕೆಳಗಿನ ಎರಡಿಂಚು. ಕೇಬಲ್ ಟ್ರೆಂಚನ್ನು ಮರೆಯುವವರೇ ಹೆಚ್ಚು. ಅದು ಪಕ್ಕದ ಪ್ಯಾನೆಲ್ ರೂಮಿನಿಂದ ನೇರವಾಗಿ ಬೆಂಕಿಯ ಬುಡಕ್ಕೇ ಗಾಳಿ ತಂದುಕೊಡುತ್ತದೆ, ಹೊಗೆಯನ್ನು ಅತ್ತ ಸಾಗಿಸುತ್ತದೆ. ಅದನ್ನು ಬೆಂಕಿ ತಡೆಯುವ ಸೀಲಿಂಗ್ ಸಾಮಗ್ರಿಯಿಂದ ಮುಚ್ಚಿಸಿ. ಗೋಣಿಚೀಲ ತುರುಕಿ "ಮುಚ್ಚಿದ್ದೀವಿ ಸಾರ್" ಎನ್ನುವುದನ್ನು ನಾನು ಎರಡು ಕಡೆ ನೋಡಿದ್ದೇನೆ.

ಪ್ರತಿ ತೂತಿನ ಎದುರು ಎತ್ತರವನ್ನೂ ಬರೆಯಿರಿ. ಕೆಳಗೊಂದು, ಮೇಲೊಂದು ಕಿಂಡಿ ಜೊತೆಯಾಗಿ ಇದ್ದರೆ ಫ್ಯಾನೇ ಬೇಡ. ಬಿಸಿಗಾಳಿ ಮೇಲಿನಿಂದ ಹೊರಡುತ್ತದೆ, ತಣ್ಣನೆಯದು ಕೆಳಗಿನಿಂದ ನುಗ್ಗುತ್ತದೆ, ಹಳೆ ಅಡುಗೆಮನೆಯ ಬೆಳಕಿಂಡಿಯ ಹಾಗೆ.

ಎರಡನೆಯದು: ಆ ತೂತಿನಿಂದ ಎಷ್ಟು ಬೆಂಕಿ ಬದುಕುತ್ತದೆ

ಅಗ್ನಿ ವಿಜ್ಞಾನದಲ್ಲಿ ಒಂದು ಹಳೆಯ ಸರಳ ಲೆಕ್ಕ ಇದೆ. ತೂತಿನ ವಿಸ್ತೀರ್ಣವನ್ನು ಅದರ ಎತ್ತರದ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನು ಒಂದೂವರೆಯಿಂದ ಗುಣಿಸಿದರೆ, ಆ ತೂತಿನ ಮೂಲಕ ಬರುವ ಗಾಳಿ ಎಷ್ಟು ಮೆಗಾವ್ಯಾಟ್ ಬೆಂಕಿಯನ್ನು ಸಾಕಬಲ್ಲದು ಎಂಬ ಅಂದಾಜು ಸಿಗುತ್ತದೆ. ಅಳತೆ ಎಲ್ಲವೂ ಮೀಟರ್‌ನಲ್ಲಿ.

ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಗಿಲು ಪೂರ್ತಿ ತೆರೆದಿದೆ ಎನ್ನೋಣ. ವಿಸ್ತೀರ್ಣ 2, ಎತ್ತರದ ವರ್ಗಮೂಲ 1.41, ಒಂದೂವರೆಯಿಂದ ಗುಣಿಸಿದರೆ ಸುಮಾರು 4.2 ಮೆಗಾವ್ಯಾಟ್. ಅದೇ 60 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ಒಂದು ವೆಂಟಿಲೇಟರ್ ಕಿಂಡಿ? ಕಾಲು ಮೆಗಾವ್ಯಾಟ್‌ಗಿಂತ ತುಸು ಹೆಚ್ಚು. ಅಂದರೆ ನಾಲ್ಕು ವೆಂಟಿಲೇಟರ್ ಮುಚ್ಚಲು ಹಣ ಖರ್ಚು ಮಾಡಿ, ಬಾಗಿಲಿಗೆ ಕಲ್ಲು ಕೊಟ್ಟು ತೆರೆದಿಟ್ಟರೆ ಏನೂ ಮಾಡಿದಂತಾಗಲಿಲ್ಲ. ಮೊದಲ ಖರ್ಚು ತಾನಾಗಿ ಮುಚ್ಚಿಕೊಳ್ಳುವ ಬಾಗಿಲಿಗೆ ಆಗಲಿ.

ಫ್ಯಾನಿನ ಲೆಕ್ಕ ಇನ್ನೂ ಸುಲಭ. ರೂಮಿನ ಘನ ಅಳತೆಯನ್ನು ಫ್ಯಾನು ಸೆಕೆಂಡಿಗೆ ಎಳೆಯುವ ಗಾಳಿಯಿಂದ ಭಾಗಿಸಿ. 8 ಮೀಟರ್ ಉದ್ದ, 6 ಅಗಲ, 4 ಎತ್ತರದ ರೂಮು 192 ಘನ ಮೀಟರ್. ಫ್ಯಾನು ಸೆಕೆಂಡಿಗೆ 4 ಘನ ಮೀಟರ್ ಎಳೆಯುವುದಾದರೆ 48 ಸೆಕೆಂಡಿಗೊಮ್ಮೆ ರೂಮಿನಷ್ಟು ಗಾಳಿ ಬದಲಾಗುತ್ತದೆ. ನೀವು ಕಷ್ಟಪಟ್ಟು ಹುಟ್ಟಿಸಿದ ಆವಿ ಒಂದು ನಿಮಿಷವೂ ಒಳಗೆ ನಿಲ್ಲುವುದಿಲ್ಲ. ನಿಮ್ಮ ಫ್ಯಾನಿನ ಅಂಕಿ ಅದರ ನಾಮಫಲಕದಲ್ಲೋ ಕ್ಯಾಟಲಾಗಿನಲ್ಲೋ ಇರುತ್ತದೆ. ಗಂಟೆಯ ಲೆಕ್ಕದಲ್ಲಿದ್ದರೆ 3600ರಿಂದ ಭಾಗಿಸಿ.

ಮೂರನೆಯದು: ಊದುಬತ್ತಿ

ಅಂಕಿ ಹೇಳದ್ದನ್ನು ಊದುಬತ್ತಿ ಹೇಳುತ್ತದೆ. ಡೀಸೆಲ್ ಸೋರಿಕೆ ಇಲ್ಲ, ಇಂಜಿನ್ ತಣ್ಣಗಿದೆ, ಬ್ಯಾಟರಿ ಚಾರ್ಜಿಗೆ ಇಟ್ಟಿಲ್ಲ ಎಂದು ಖಚಿತ ಮಾಡಿಕೊಂಡು, ಸೇಫ್ಟಿಯವರಿಂದ ಅನುಮತಿ ತೆಗೆದುಕೊಂಡು, ಮೂರ್ನಾಲ್ಕು ಊದುಬತ್ತಿ ಹಚ್ಚಿ ರೂಮಿನ ಮೂಲೆ ಮೂಲೆಗೂ ಹಿಡಿಯಿರಿ. ಕಿಡಿ ಬೇಡವೆನ್ನುವ ಜಾಗದಲ್ಲಿ ತೆಳು ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕೋಲಿಗೆ ಕಟ್ಟಿದರೂ ಆದೀತು. ಮೊದಲು ಫ್ಯಾನು ಓಡುವಾಗ, ಆಮೇಲೆ ನಿಂತಾಗ, ಆಮೇಲೆ ಬಾಗಿಲು ತೆರೆದು. ಹೊಗೆ ವಾಲಿದ ದಿಕ್ಕಿಗೆ ಹಾಳೆಯ ಮೇಲೆ ಬಾಣದ ಗುರುತು ಹಾಕುತ್ತಾ ಹೋಗಿ.

ಫ್ಯಾನು ನಿಲ್ಲಿಸಿದ ಮೇಲೂ ಹೊಗೆ ಒಂದೇ ದಿಕ್ಕಿಗೆ ವಾಲುತ್ತಿದ್ದರೆ ಅದು ಹೊರಗಿನ ಗಾಳಿಯ ಕೆಲಸ. ನಮ್ಮ ಕಡೆ ಆಷಾಢದ ಗಾಳಿ ಪಶ್ಚಿಮದಿಂದ ಹೇಗೆ ಬೀಸುತ್ತದೆಂದು ಗಾಳಿಪಟ ಹಾರಿಸಿದವರಿಗೆ ಹೇಳಬೇಕಿಲ್ಲ. ಪಡುವಣ ಗೋಡೆಗೆ ಲೂವರ್, ಮೂಡಣ ಗೋಡೆಗೆ ಬಾಗಿಲು ಇಟ್ಟ ರೂಮು ಚಳಿಗಾಲದಲ್ಲಿ ಸದ್ದಿಲ್ಲದೆ ಪರೀಕ್ಷೆ ಪಾಸಾಗಿ, ಜುಲೈನಲ್ಲಿ ಫೇಲಾಗುತ್ತದೆ.

ಇದೇ ಹೊತ್ತಿನಲ್ಲಿ ಹೊಗೆ ಡಿಟೆಕ್ಟರ್‌ಗಳನ್ನೂ, ಬಿಸಿಗೆ ಒಡೆಯುವ ಗಾಜಿನ ಬಲ್ಬಿನ ನಾಜಲ್ ಇದ್ದರೆ ಅವನ್ನೂ ನೋಡಿಕೊಳ್ಳಿ. ತಾಜಾ ಗಾಳಿ ಬರುವ ಬಾಯಿಯ ಹತ್ತಿರ ಅವು ಇದ್ದರೆ, ರೂಮಿನ ಇನ್ನೊಂದು ತುದಿಯಲ್ಲಿ ಬೆಂಕಿ ಎದ್ದರೂ ಅವುಗಳಿಗೆ ತಿಳಿಯುವುದು ತಡ.

ನಾಲ್ಕನೆಯದು: ನಿಲ್ಲಿಸುವುದು, ಮುಚ್ಚುವುದು, ಮತ್ತು ಯಾವ ಕ್ರಮದಲ್ಲಿ

ಗೋಡೆಯ ಎಕ್ಸಾಸ್ಟ್ ಫ್ಯಾನನ್ನು ಫೈರ್ ಪ್ಯಾನೆಲ್‌ನಿಂದ ಒಂದು ರಿಲೇ ಹಾಕಿ ನಿಲ್ಲಿಸಬಹುದು. ಜನರೇಟರಿನ ರೇಡಿಯೇಟರ್ ಫ್ಯಾನು ಹಾಗಲ್ಲ. ಸಾಮಾನ್ಯ ಸೆಟ್‌ಗಳಲ್ಲಿ ಅದು ಬೆಲ್ಟಿನ ಮೂಲಕ ಇಂಜಿನ್ನಿನಿಂದಲೇ ತಿರುಗುತ್ತದೆ, ಅದಕ್ಕೆ ಬೇರೆ ಸ್ವಿಚ್ಚಿಲ್ಲ. ರೂಮಿನ ಅತಿ ದೊಡ್ಡ ಫ್ಯಾನು ಅದೇ. ಇಂಜಿನ್ ನಿಲ್ಲದೆ ಗಾಳಿ ನಿಲ್ಲುವುದಿಲ್ಲ. ಇಂಜಿನ್ ಓಡುತ್ತಿರುವಷ್ಟು ಹೊತ್ತು ಒಡೆದ ಪೈಪಿನಿಂದ ಡೀಸೆಲ್ ಚಿಮ್ಮುತ್ತಲೂ ಇರುತ್ತದೆ. ಆದ್ದರಿಂದ ಬೆಂಕಿ ಖಚಿತವಾದ ಕ್ಷಣ ಮೊದಲು ಇಂಜಿನ್ ನಿಲ್ಲಬೇಕು, ಡೇ ಟ್ಯಾಂಕಿನ (ಇಂಜಿನ್ ಪಕ್ಕದ ದಿನಬಳಕೆಯ ಡೀಸೆಲ್ ಟ್ಯಾಂಕು) ವಾಲ್ವ್ ಮುಚ್ಚಬೇಕು.

ಇಲ್ಲೊಂದು ಗುಂಡಿ ಇದೆ, ಎಡವಿದವರು ಬಹಳ. ಬೆಸ್ಕಾಂ ಕರೆಂಟು ಹೋಗಿದೆ, ಜನರೇಟರ್ ಓಡುತ್ತಿದೆ, ಅದಕ್ಕೇ ಬೆಂಕಿ ಬಿದ್ದಿದೆ. ವ್ಯವಸ್ಥೆ ಹೇಳಿದ ಹಾಗೆ ಜನರೇಟರನ್ನು ನಿಲ್ಲಿಸಿತು. ಈಗ ಮಿಸ್ಟ್ ಪಂಪಿಗೆ ಕರೆಂಟು ಎಲ್ಲಿಂದ? ಜನರೇಟರ್ ರೂಮಿನ ಮಿಸ್ಟ್ ಪಂಪು ಅದೇ ಜನರೇಟರಿನ ಕರೆಂಟಿನಿಂದ ಓಡುವಂತಿದ್ದರೆ, ಬೇಕಾದ ಹೊತ್ತಿಗೆ ಅದು ಸಾಯುತ್ತದೆ. ಸಾರಜನಕ ಸಿಲಿಂಡರ್ ಒತ್ತಡದಿಂದ ನೀರು ತಳ್ಳುವ ವ್ಯವಸ್ಥೆಯೋ, ಬೇರೆ ಜಾಗದಲ್ಲಿರುವ ಡೀಸೆಲ್ ಪಂಪೋ, ಇನ್ನೊಂದು ಜನರೇಟರೋ ಬೇಕು. ಕೊಟೇಶನ್ ಬಂದ ದಿನ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಡ್ಯಾಂಪರ್, ಅಂದರೆ ಗಾಳಿಕಿಂಡಿಯನ್ನು ಮುಚ್ಚುವ ರೆಕ್ಕೆಗಳ ಬಗ್ಗೆ. ಲೂವರ್‌ಗೆ ಮೋಟಾರಿನ ಡ್ಯಾಂಪರ್ ಹಾಕಿಸುವುದಾದರೆ, ಕರೆಂಟು ಹೋದಾಗ ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳುವ ಬಗೆಯದನ್ನು ಕೇಳಿ. ಬಿಸಿಗೆ ಲಿಂಕ್ ಎಂಬ ಲೋಹದ ಕೊಂಡಿ ಕರಗಿ ಮುಚ್ಚುವ ಡ್ಯಾಂಪರ್ ಅಗ್ಗ. ಆದರೆ ಮಿಸ್ಟ್ ಇರುವ ರೂಮಿಗೆ ಅದೊಂದನ್ನೇ ನಂಬಬೇಡಿ. ಮಂಜು ಮೊದಲು ಬಂದು ಆ ಲಿಂಕನ್ನು ತಣ್ಣಗಿಟ್ಟರೆ ಅದು ಕರಗುವುದೇ ಇಲ್ಲ, ಡ್ಯಾಂಪರ್ ಬಾಯಿ ತೆರೆದೇ ಕೂತಿರುತ್ತದೆ.

ಕ್ರಮ ಹೀಗೆ: ಎರಡು ಡಿಟೆಕ್ಟರ್ ಒಪ್ಪಿದ ಮೇಲೆ ಸೈರನ್, ಇಂಜಿನ್ ಮತ್ತು ಡೀಸೆಲ್ ಬಂದ್, ಎಲ್ಲ ಫ್ಯಾನು ಬಂದ್, ಡ್ಯಾಂಪರ್ ಮುಚ್ಚಲು ಆದೇಶ, ಮಂಜು. ಇವೆಲ್ಲ ಹೆಚ್ಚೂಕಡಿಮೆ ಒಟ್ಟಿಗೇ ಆಗಬೇಕು. ಕಾರ್ಬನ್ ಡೈಆಕ್ಸೈಡ್ ವ್ಯವಸ್ಥೆಯಲ್ಲಿ ಅನಿಲ ಬಿಡುವ ಮುನ್ನ ಜನ ಹೊರಹೋಗಲೆಂದು ಕಾಯಲೇಬೇಕು. ಬೆಂಕಿ ಆರಿಸಲು ಬೇಕಾದ, ನೂರಕ್ಕೆ ಕನಿಷ್ಠ 34 ಪಾಲು ಅನಿಲ ಒಳಗಿದ್ದ ಮನುಷ್ಯನ ಜೀವವನ್ನೂ ತೆಗೆಯುತ್ತದೆ. ನೀರಿಗೆ ಆ ದೋಷವಿಲ್ಲ. ಅನಿಲದ ಹಳೆ ಅಭ್ಯಾಸದಿಂದ ಕೆಲವರು "ಡ್ಯಾಂಪರ್ ಪೂರ್ತಿ ಮುಚ್ಚಿತು ಎಂಬ ಸಿಗ್ನಲ್ ಬಂದ ಮೇಲೇ ಮಂಜು" ಎಂದು ಇಂಟರ್‌ಲಾಕ್ ಹಾಕುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಒಂದು ಡ್ಯಾಂಪರ್ ಧೂಳು ಕೂತು ಸಿಕ್ಕಿಕೊಂಡರೆ ಇಡೀ ವ್ಯವಸ್ಥೆ ಕೈಕಟ್ಟಿ ನಿಲ್ಲುತ್ತದೆ. ಅರ್ಧ ತೆರೆದ ರೂಮಿನಲ್ಲಿ ಮಂಜು ಬೆಂಕಿಯನ್ನು ಪೂರ್ತಿ ಆರಿಸದಿದ್ದರೂ ಹಿಡಿತದಲ್ಲಿಡುತ್ತದೆ, ಸೂರು ಉಳಿಯುತ್ತದೆ. ನಿಮ್ಮ ವಿನ್ಯಾಸಕಾರರ ಜೊತೆ ಈ ಒಂದು ವಿಷಯಕ್ಕೆ ಕೂತು ವಾದ ಮಾಡಿ.

ರೂಮನ್ನು ಡಬ್ಬಿಯ ಹಾಗೆ ಬಿಗಿ ಮಾಡಲು ಹೋಗುವವರಿಗೂ ಒಂದು ಮಾತು. ಕಾದ ರೂಮಿಗೆ ಮಂಜು ಬಿದ್ದ ತಕ್ಷಣ ಬಿಸಿ ಗಾಳಿ ತಣಿದು ಕುಗ್ಗುತ್ತದೆ, ಒಳಗಿನ ಒತ್ತಡ ಇಳಿದು ಬಾಗಿಲು ಒಳಕ್ಕೆ ಎಳೆದ ಹಾಗಾಗುತ್ತದೆ. ಆಮೇಲೆ ಆವಿ ಹುಟ್ಟಿದಾಗ ಹೊರಕ್ಕೆ ತಳ್ಳುತ್ತದೆ. ಉಸಿರಾಡಲು ಸಣ್ಣ ಸಂದು ಇದ್ದರೆ ಹಾಳೇನಿಲ್ಲ. ಅನಿಲ ವ್ಯವಸ್ಥೆಗಳಷ್ಟು ಬಿಗಿ ರೂಮು ಬೇಡದಿರುವುದೇ ಮಿಸ್ಟಿನ ದೊಡ್ಡ ಲಾಭ.

ಐದನೆಯದು: ಮುಚ್ಚಬಾರದ ರೂಮುಗಳು

ಇಷ್ಟು ಓದಿದ ಮೇಲೆ ಎಲ್ಲ ಕಿಂಡಿಯನ್ನೂ ಮುಚ್ಚಿಬಿಡೋಣ ಎಂದು ಯಾರಾದರೂ ಹೊರಟರೆ ತಡೆಯಬೇಕಾದದ್ದು ಇಲ್ಲಿ.

ಲಿಥಿಯಂ ಬ್ಯಾಟರಿಗಳ ರೂಮು. ಮಂಜು ಪಕ್ಕದ ಸೆಲ್‌ಗಳನ್ನು ತಣಿಸುತ್ತದೆ, ಆದರೆ ಒಳಗೇ ಕುದಿಯಲು ಶುರುವಾದ ಸೆಲ್ಲನ್ನು ನಿಲ್ಲಿಸುವುದಿಲ್ಲ. ಅದು ಜಲಜನಕ, ಕಾರ್ಬನ್ ಮಾನಾಕ್ಸೈಡ್ ಮೊದಲಾದ ಉರಿಯುವ ಅನಿಲಗಳನ್ನು ಕಕ್ಕುತ್ತಲೇ ಇರುತ್ತದೆ. ಜ್ವಾಲೆ ಆರಿಸಿ, ಕಿಂಡಿ ಮುಚ್ಚಿ ಆ ಅನಿಲವನ್ನು ಕೂಡಿಹಾಕಿದರೆ ರೂಮೇ ಸಿಡಿಯಬಹುದು. ಯುಪಿಎಸ್‌ನ ಸೀಸದ ಬ್ಯಾಟರಿಗಳೂ ಚಾರ್ಜಾಗುವಾಗ ಜಲಜನಕ ಬಿಡುತ್ತವೆ. ಅಲ್ಲಿ ದಿನನಿತ್ಯದ ಗಾಳಿಯಾಟಕ್ಕೆ ಕೈಹಾಕಬೇಡಿ. ಇಂಥ ರೂಮುಗಳ ಗಾಳಿ ಮತ್ತು ಮಂಜಿನ ಹೊಂದಾಣಿಕೆ ಬೇರೆಯೇ ವಿದ್ಯೆ, ಬಲ್ಲವರಿಂದಲೇ ಮಾಡಿಸಿ.

ಗ್ಯಾಸ್ ಸೋರಿ ಉರಿಯುತ್ತಿದ್ದರೆ ವಾಲ್ವ್ ಮುಚ್ಚದೆ ಜ್ವಾಲೆ ಆರಿಸಬಾರದು, ಕಾರಣ ಅದೇ. ಮೆಗ್ನೀಸಿಯಂ ಚೂರು ರಾಶಿ ಬೀಳುವ ಮೆಷಿನ್ನಿಗೆ ನೀರೇ ಸಲ್ಲದು.

ಜನ ಕೆಲಸ ಮಾಡುವ ಜಾಗದಲ್ಲಿ ಇನ್ನೊಂದು ತೊಡಕಿದೆ. ಬೆಂಕಿ ಎದ್ದಾಗ ಹೊಗೆ ಮೊದಲು ಸೂರಿನಡಿ ಸೇರಿಕೊಂಡು ಕೆಳಗೆ ಬಗ್ಗಿ ಓಡಲು ಒಂದಿಷ್ಟು ಶುದ್ಧ ಗಾಳಿ ಉಳಿದಿರುತ್ತದೆ. ಮಂಜು ಬಂದ ಕೂಡಲೇ ಆ ಹೊಗೆ ತಣಿದು, ಕಲಸಿಕೊಂಡು ನೆಲಕ್ಕಿಳಿಯುತ್ತದೆ. ಎದುರಿನ ಬಾಗಿಲು ಕಾಣುವುದಿಲ್ಲ. ಹೊಗೆ ಎಳೆಯುವ ಫ್ಯಾನು ನಿಲ್ಲಿಸಬೇಕೋ ಓಡಿಸಬೇಕೋ ಎಂಬುದನ್ನು ಅಲ್ಲಿ ಜನ ಹೊರಹೋಗುವ ಹೊತ್ತನ್ನು ನೋಡಿ ನಿರ್ಧರಿಸಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೇ ಭಾಗ ಬೆಂಕಿ ಮತ್ತು ಜೀವ ರಕ್ಷಣೆಯದು. ಅದನ್ನು ಬದಿಗಿಟ್ಟು ಬರೀ ಮಿಸ್ಟ್ ಕಂಪನಿಯ ಮಾತಿನ ಮೇಲೆ ಇದನ್ನು ತೀರ್ಮಾನಿಸಬೇಡಿ.

ಆರನೆಯದು: ಮುಚ್ಚಲಾಗದ ತೂತಿಗೆ ಏನು ಮಾಡುವುದು

ಕೆಲವು ತೂತು ಉಳಿದೇ ಉಳಿಯುತ್ತವೆ. ಇದಕ್ಕೆ ದಾರಿ ಹಡಗುಗಳು ತೋರಿಸಿವೆ. 1990ರ ಏಪ್ರಿಲ್‌ನಲ್ಲಿ ಸ್ಕ್ಯಾಂಡಿನೇವಿಯನ್ ಸ್ಟಾರ್ ಎಂಬ ಪ್ರಯಾಣಿಕ ಹಡಗಿನ ಬೆಂಕಿಯಲ್ಲಿ 159 ಜನ ಸತ್ತರು. ಅದೇ ಕಾಲಕ್ಕೆ ಓಜೋನ್ ಪದರ ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದದಿಂದಾಗಿ, ಬೆಂಕಿ ಆರಿಸಲು ಬಳಸುತ್ತಿದ್ದ ಹ್ಯಾಲಾನ್ ಅನಿಲ ತೆರೆಮರೆಗೆ ಸರಿಯುತ್ತಿತ್ತು. ಇವೆರಡರ ಒತ್ತಡದಲ್ಲಿ ಹಡಗಿನ ಇಂಜಿನ್ ರೂಮಿಗೆ ಮಿಸ್ಟ್ ಬಂತು. ಅಂತರರಾಷ್ಟ್ರೀಯ ಕಡಲ ಸಂಸ್ಥೆಯ 2005ರ ಪರೀಕ್ಷಾ ವಿಧಾನದಲ್ಲಿ 100 ಚದರ ಮೀಟರ್, 5 ಮೀಟರ್ ಎತ್ತರದ ರೂಮಿಗೆ ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಬಾಗಿಲನ್ನು ತೆರೆದಿಟ್ಟೇ ಬೆಂಕಿ ಹಚ್ಚುತ್ತಾರೆ. ತೆರೆದ ಬಾಗಿಲಿನಲ್ಲೂ ಆರಿಸಿದರೆ ಮಾತ್ರ ಪಾಸು.

ಇದರಿಂದ ನೀವು ಕಲಿಯಬೇಕಾದದ್ದು ಒಂದು ಪ್ರಶ್ನೆ. ಮಾರಲು ಬಂದವರನ್ನು ಕೇಳಿ: "ನಿಮ್ಮ ಈ ನಾಜಲನ್ನು ಎಷ್ಟು ಘನ ಮೀಟರ್ ರೂಮಿನಲ್ಲಿ, ಎಷ್ಟು ಎತ್ತರಕ್ಕೆ, ಎಷ್ಟು ದೊಡ್ಡ ಬಾಗಿಲು ತೆರೆದು, ಫ್ಯಾನು ಓಡಿಸಿಯೋ ನಿಲ್ಲಿಸಿಯೋ ಪರೀಕ್ಷಿಸಿದ್ದಾರೆ? ಹಾಳೆ ತೋರಿಸಿ." ಮಿಸ್ಟಿನಲ್ಲಿ ಸ್ಪ್ರಿಂಕ್ಲರ್ ಹಾಗೆ ಎಲ್ಲರಿಗೂ ಒಂದೇ ಎಂಬ ಲೆಕ್ಕವಿಲ್ಲ. ಪ್ರತಿ ತಯಾರಕರ ನಾಜಲ್ಲಿಗೂ ಅದರದೇ ಪರೀಕ್ಷೆ, ಅದರದೇ ಮಿತಿ. ನಿಮ್ಮ ರೂಮು ಆ ಮಿತಿ ದಾಟಿದ್ದರೆ ಕೊಟೇಶನ್ ಎಷ್ಟೇ ಅಗ್ಗವಾಗಿರಲಿ, ಬೇಡ.

ಮಿತಿಯೊಳಗಿದ್ದರೆ ವಿನ್ಯಾಸಕಾರರು ಸಾಮಾನ್ಯವಾಗಿ ತೆರೆದ ಬಾಯಿಯ ಬಳಿ ಹೆಚ್ಚುವರಿ ನಾಜಲ್ ಕೊಟ್ಟು ಮಂಜಿನ ಪರದೆ ಮಾಡುತ್ತಾರೆ. ಇಂಜಿನ್ನಿನ ಅಡಿಗೆ, ಟ್ಯಾಂಕಿನ ಮರೆಗೆ ಬೇರೆ ನಾಜಲ್ ಬೇಕೇ ಎಂದು ಕೇಳಿ. ಆವಿ ನಿಲ್ಲದ ರೂಮಿನಲ್ಲಿ ಹನಿ ನೇರವಾಗಿ ಬೆಂಕಿಗೆ ತಾಗುವುದೊಂದೇ ಆಸರೆ.

ಸಿಎನ್‌ಸಿ ಮೆಷಿನ್ನಿನ ಒಳಗೆ

ವಸಂತನರಸಾಪುರದ ಮೆಷಿನ್ ಟೂಲ್ ಪಾರ್ಕಿನ ಕಡೆಯವರಿಗಾಗಿ ಇದನ್ನು ಸೇರಿಸುತ್ತಿದ್ದೇನೆ. ನೀರು ಬೆರೆಸದ ಬರೀ ಎಣ್ಣೆಯನ್ನು ಕೂಲಂಟ್ ಆಗಿ (ಟೂಲ್ ತಣಿಸಲು) ಬಳಸುವ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಮೆಷಿನ್ನೂ ಒಂದು ಪುಟ್ಟ ಮುಚ್ಚಿದ ರೂಮೇ. ಟೂಲ್ ಮುರಿದು ಕಿಡಿ ಹಾರಿದರೆ ಒಳಗಿನ ಎಣ್ಣೆ ಹೊಗೆ ಹೊತ್ತಿಕೊಳ್ಳುತ್ತದೆ. ಆ ಎಣ್ಣೆ ಹೊಗೆಯನ್ನು ಎಳೆಯುವ ಕಲೆಕ್ಟರ್ ಗಂಟೆಗೆ 800 ಘನ ಮೀಟರ್ ಎಳೆಯುತ್ತದೆ, ಒಳಜಾಗ 3 ಘನ ಮೀಟರ್ ಎಂದಿಟ್ಟುಕೊಂಡರೆ, ಹದಿಮೂರು-ಹದಿನಾಲ್ಕು ಸೆಕೆಂಡಿಗೊಮ್ಮೆ ಪೂರ್ತಿ ಗಾಳಿ ಬದಲು. ಮಂಜಾಗಲಿ ಅನಿಲವಾಗಲಿ ಇದರ ಎದುರು ನಿಲ್ಲುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಎಣ್ಣೆ ಮೆತ್ತಿದ ಡಕ್ಟಿನೊಳಕ್ಕೆ ಬೆಂಕಿಯನ್ನೇ ಎಳೆದುಕೊಂಡು ಹೋಗುತ್ತದೆ. ಬೆಂಕಿ ಗೊತ್ತಾದ ಕೂಡಲೇ ಕಲೆಕ್ಟರ್ ನಿಲ್ಲಬೇಕು, ಡಕ್ಟಿನ ಬಾಯಿ ಮುಚ್ಚಬೇಕು, ಕೂಲಂಟ್ ಪಂಪು ನಿಲ್ಲಬೇಕು. ಒಳಗೆ ಇಣುಕಲು ಬಾಗಿಲು ತೆರೆಯುವ ಆಪರೇಟರ್‌ಗೆ ಇದನ್ನು ಮೊದಲು ಹೇಳಿ: ತೆರೆದ ಕ್ಷಣ ಒಳಗಿನ ಉರಿ ಮುಖಕ್ಕೆ ಬರುತ್ತದೆ.

ಏಳನೆಯದು: ನೀರು

ಬೇಗ ಮುಗಿಸುತ್ತೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಕಡೆ ಬೋರ್‌ವೆಲ್ ನೀರಿನ ಗಡಸುತನ ಗೀಸರ್ ಕಾಯಿಲ್ ನೋಡಿದವರಿಗೆ ಗೊತ್ತು. ಮಿಸ್ಟ್ ನಾಜಲ್ಲಿನ ತೂತು ಬಲು ಸಣ್ಣದು. ಶುದ್ಧೀಕರಿಸಿದ ನೀರು, ಸ್ಟೇನ್‌ಲೆಸ್ ಪೈಪು, ಸ್ಟ್ರೈನರ್. ಒಂದು ನಾಜಲ್ ಕಟ್ಟಿಕೊಂಡರೆ ಆ ಮೂಲೆಗೆ ಮಂಜಿಲ್ಲ, ಗಾಳಿಯ ಲೆಕ್ಕವೆಲ್ಲ ತಲೆಕೆಳಗು. ಕಿಂಡಿ ಹೆಚ್ಚಿರುವ ರೂಮಿಗೆ ಮಂಜು ಹೆಚ್ಚು ಹೊತ್ತು ಬರಬೇಕಾದ್ದರಿಂದ ಟ್ಯಾಂಕೂ ದೊಡ್ಡದಿರಬೇಕು.

ಎಂಟನೆಯದು: ಬೆಂಕಿ ಆರಿತು ಎನಿಸಿದ ಮೇಲೆ

ತಕ್ಷಣ ಬಾಗಿಲು ತೆಗೆಯಬೇಡಿ. ಅಷ್ಟು ಹೊತ್ತು ಕೂಡಿಟ್ಟ ಆವಿ ಒಂದೇ ಉಸಿರಿಗೆ ಹೊರಬಂದು ಎದುರಿದ್ದವರನ್ನು ಸುಡುತ್ತದೆ, ಒಳಕ್ಕೆ ನುಗ್ಗಿದ ಗಾಳಿ ಇನ್ನೂ ಕೆಂಪಗಿರುವ ಸೈಲೆನ್ಸರ್ ಪೈಪಿನ ಮೇಲೆ ಡೀಸೆಲ್ ಆವಿಯನ್ನು ಮತ್ತೆ ಹೊತ್ತಿಸುತ್ತದೆ. ಮಂಜು ಆರಿಸುವುದು ಎಷ್ಟು ಮುಖ್ಯವೋ ಆರಿದ ಮೇಲೆ ಲೋಹವನ್ನು ತಣಿಸುವುದೂ ಅಷ್ಟೇ ಮುಖ್ಯ. ಸೈರನ್ ಹೊಡೆದಾಗಲೇ 101 ಅಥವಾ 112ಕ್ಕೆ ಕರೆ ಹೋಗಿರಲಿ. ಅಗ್ನಿಶಾಮಕದವರು ಬಂದಾಗ ಅವರ ಕೈಗೆ ನಿಮ್ಮ ಆ ತೂತುಗಳ ಹಾಳೆ ಕೊಡಿ. ಯಾವ ಬಾಗಿಲನ್ನು ಮೊದಲು ತೆಗೆಯಬೇಕು, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಅವರು ಕೇಳುವ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಒಳಗೆ ಹೋಗುವ ತೀರ್ಮಾನ ಅವರದು, ಹೊಗೆ ಹೊರಹಾಕಲು ಫ್ಯಾನು ಹಾಕುವ ತೀರ್ಮಾನವೂ ಅವರದು. ಆ ಫ್ಯಾನಿನ ಸ್ವಿಚ್ಚು ರೂಮಿನ ಹೊರಗಿರಬೇಕು ಎಂಬುದನ್ನು ಮಾತ್ರ ನೀವು ಮೊದಲೇ ನೋಡಿಕೊಂಡಿರಿ.

ಒಂಬತ್ತನೆಯದು: ಮತ್ತೆ ಪರೀಕ್ಷೆ

ಹಸ್ತಾಂತರದ ದಿನ ಮಂಜನ್ನು ನಿಜವಾಗಿ ಬಿಟ್ಟು ತೋರಿಸಲು ಹೇಳಿ. ಪ್ಯಾನೆಲ್ಲಿಗೆ, ಆಲ್ಟರ್ನೇಟರ್‌ಗೆ ಹೊದಿಕೆ ಹಾಕಿ. ಇಂಜಿನ್ನಿನ ಕೆಳಗೆ, ಟ್ಯಾಂಕಿನ ಹಿಂದೆ, ನಾಲ್ಕು ಮೂಲೆಗೆ ಒಂದೇ ಅಳತೆಯ ತಟ್ಟೆಗಳನ್ನಿಡಿ. ಒಂದು ಸಲ ಎಲ್ಲ ನಿಂತು, ಮುಚ್ಚಿದ ಸ್ಥಿತಿಯಲ್ಲಿ, ಇನ್ನೊಂದು ಸಲ ಒಂದು ಡ್ಯಾಂಪರ್ ಸಿಕ್ಕಿಕೊಂಡಿದೆ ಎಂದುಕೊಂಡು ಅದನ್ನು ತೆರೆದೇ ಬಿಟ್ಟು. ಪ್ರತಿ ತಟ್ಟೆಯ ನೀರನ್ನು ಅಳೆದು ಹಾಳೆಯಲ್ಲಿ ಬರೆಯಿರಿ. ತಣ್ಣಗಿನ ರೂಮಿನಲ್ಲಿ ಇದು ಬೆಂಕಿ ಆರುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಮಂಜು ಎಲ್ಲಿಗೆ ಹೋಗುತ್ತಿದೆ ಎಂಬುದಕ್ಕೆ ಸಾಕ್ಷಿ.

ಆಮೇಲೆ ಗೋಡೆಗೆ ಯಾರು ಹೊಸ ತೂತು ಕೊರೆದರೂ, ಅದು ಒಂದು ಇಂಟರ್‌ನೆಟ್ ಕೇಬಲ್ಲಿಗೇ ಇರಲಿ, ಹಾಳೆಗೆ ಬರಬೇಕು. ಆ ಬೈಕಿನ ಕಾರ್ಖಾನೆಯವರು ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಬಾಗಿಲ ಹೊರಗೆ ತೂಗುಹಾಕಿದ್ದಾರೆ. ವರ್ಷಕ್ಕೆರಡು ಸಲ ಊದುಬತ್ತಿ ಹಿಡಿಯುತ್ತಾರೆ: ಒಮ್ಮೆ ಡಿಸೆಂಬರಿನಲ್ಲಿ, ಒಮ್ಮೆ ಆಷಾಢದಲ್ಲಿ ಗಾಳಿ ಜೋರಾಗಿರುವ ಮಧ್ಯಾಹ್ನ ನೋಡಿಕೊಂಡು.